ಲೈನಿನ ಕೊನೆ ಮನೆಯ ದೂರು

ಫೆಬ್ರವರಿ 11, ಮಂಗಳವಾರ

ಪಂಪ್‌ಹೌಸಿನ ಧಣಿಗಳಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರಿ ಎನ್ನುವುದು ಬೆಳಗಿನ ಜಾವ ಚಪ್ಪಲಿ ಮೆಟ್ಟುವಾಗ ಹೊರಕೋಣೆಯ ಮಂಚದಿಂದ ಕೇಳಿದ ಗೊರಕೆಯಿಂದಲೇ ಖಾತ್ರಿಯಾಯಿತು. ಯೋಗಕ್ಷೇಮ ಇಷ್ಟು ಸಾಕು. ನೇರ ವಿಷಯಕ್ಕೆ ಬರುತ್ತೇನೆ, ಇದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಕಣ್ಣು ಕಾಣದ ವಿದ್ಯಾರ್ಥಿಗಳಿಗಾಗಿ ನಾನು ಓದಿ ರೆಕಾರ್ಡ್ ಮಾಡುತ್ತಿರುವ ಆ ದಪ್ಪ ಪುಸ್ತಕ ಗೊತ್ತಲ್ಲ, ಫಿಸಿಯೋಥೆರಪಿ ಓದುವವರ ಶರೀರಶಾಸ್ತ್ರ. ಹೃದಯ ಮುಗಿದಿತ್ತು, ಮೂತ್ರಪಿಂಡ ಮುಗಿದಿತ್ತು. ಇವತ್ತು ರಸ್ತೆಯಲ್ಲಿ ಬಸ್ಸುಗಳ ಗಲಾಟೆ ಶುರುವಾಗುವ ಮುಂಚೆ, ಗಾಜಿನ ಆಚೆ ಕೂತಿದ್ದ ಸೌಂಡಿನವನು ಕೈ ಎತ್ತಿ ಸನ್ನೆ ಮಾಡಿದ. ಹಾಳೆ ತಿರುಗಿಸಿದರೆ ತಲೆಬರಹ: ‘ಶಿಶ್ನದ ನಿಮಿರುವಿಕೆ.’ ಸೌಂಡಿನವನು ತಟ್ಟನೆ ತನ್ನ ಗುಂಡಿಗಳ ಮೇಲೆ ಭಾರೀ ಆಸಕ್ತಿ ಬಂದವನಂತೆ ಬಗ್ಗಿದ. ನಾನು ಮೂತ್ರಪಿಂಡ ಓದಿದ ಧ್ವನಿಯಲ್ಲೇ ಓದತೊಡಗಿದೆ. ಒಂದು ಪುಟ ಸರಾಗವಾಗಿ ಹೋಯಿತು. ಆಮೇಲೆ ಒಂದು ಸಾಲು ಬಂತು, ನನ್ನ ಬಾಯಿ ಅಲ್ಲೇ ನಿಂತಿತು.

ಸುಮ್ಮನಿರುವಾಗ ಅದರ ಒಳಗಿನ ಸ್ನಾಯುಗಳು ಬಿಗಿದಿರುತ್ತವಂತೆ. ನಿಮಿರಬೇಕಾದರೆ ಅವು ಸಡಿಲಗೊಳ್ಳಬೇಕಂತೆ.

ನಾವೆಲ್ಲ ಇಷ್ಟು ವರ್ಷ ತಿಳಿದದ್ದು ಇದರ ತಿರುವುಮುರುವು. ರೀ, ಸ್ವಲ್ಪ ಕೇಳಿ. ಒಳಗೆ ಸ್ಪಂಜಿನಂಥ ಎರಡು ಉದ್ದನೆಯ ಕೊಳವೆಗಳಿವೆ. ಅವುಗಳ ಗೋಡೆಯ ಸ್ನಾಯುಗಳು ಹಗಲೂ ರಾತ್ರಿ ಬಿಗಿದುಕೊಂಡು ಹೆಚ್ಚು ರಕ್ತವನ್ನು ಒಳಗೆ ಬಿಡದೆ ಕಾಯುತ್ತಿರುತ್ತವೆ. ಮುಟ್ಟಿದಾಗಲೋ, ಮನಸ್ಸಿನಲ್ಲಿ ನೆನೆದಾಗಲೋ, ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಎನ್ನುವ ಚೂರೇಚೂರು ಅನಿಲ ಹೊರಬರುತ್ತದೆ. ಸಾಕು, ಬಿಗಿ ಬಿಡಿ ಎಂದು ಅದು ಆ ಸ್ನಾಯುಗಳಿಗೆ ಹೇಳುತ್ತದೆ. ಅವು ಬಿಟ್ಟ ಕೂಡಲೇ ರಕ್ತ ನುಗ್ಗಿ ಬರುತ್ತದೆ, ಸ್ಪಂಜು ಉಬ್ಬುತ್ತದೆ. ಉಬ್ಬಿದ್ದು ಹೊರಗಿನ ಗಟ್ಟಿ ಪೊರೆಗೆ ಒತ್ತಿಕೊಂಡು, ನಡುವೆ ಸಿಕ್ಕಿದ ಹೊರಹೋಗುವ ನಾಳಗಳನ್ನು ಮುಚ್ಚಿಬಿಡುತ್ತದೆ. ಬಂದ ರಕ್ತ ಅಲ್ಲೇ ನಿಲ್ಲುತ್ತದೆ. ಇಷ್ಟೇ ಕಥೆ. ಇದರಲ್ಲಿ ಎಲ್ಲೂ ಜೋರು ಇಲ್ಲ, ಛಲ ಇಲ್ಲ, ಗಂಡಸುತನದ ಪ್ರಶ್ನೆಯಂತೂ ಇಲ್ಲವೇ ಇಲ್ಲ.

ಸೌಂಡಿನವನು ಮೈಕಿನಲ್ಲಿ ಕೇಳಿದ, “ಮೇಡಂ, ಏನಾದ್ರೂ ತಪ್ಪಾಯ್ತಾ?” ಇಲ್ಲಪ್ಪ, ಗಂಟಲು ಕಟ್ಟಿತು ಎಂದೆ.

ಯಾಕೆ ಬರೆಯುತ್ತಿದ್ದೇನೆ ಎಂದು ನಿಮಗೆ ಗೊತ್ತು. ಮಗಳು ಹಾಸ್ಟೆಲಿಗೆ ಹೋದ ಮೇಲೆ ಈ ಮನೆ ನಮ್ಮಿಬ್ಬರದೇ ಆಯಿತಲ್ಲ ಎಂದು ನಾನು ಒಳಗೊಳಗೇ ಕುಣಿದಿದ್ದೆ. ಮೂರ್ನಾಲ್ಕು ಸಲ ಆಗಲಿಲ್ಲ. ನೀವು ದಿಂಬು ಎತ್ತಿಕೊಂಡು ಹೊರಕೋಣೆಗೆ ಹೋದಿರಿ. ಸೆಕೆಂಡ್ ಶಿಫ್ಟು, ತಡವಾಗಿ ಬರ್ತೀನಿ, ನಿನ್ನ ನಿದ್ದೆ ಯಾಕೆ ಹಾಳು ಮಾಡ್ಲಿ ಎಂದಿರಿ. ಮದುವೆಯಾದಾಗಿನಿಂದಲೂ ಅದೇ ಶಿಫ್ಟು, ಅದೇ ನಿದ್ದೆ. ನಾನು ಕನ್ನಡಿಯ ಮುಂದೆ ನಿಂತು ನೋಡಿಕೊಂಡೆ. ಸೊಂಟ ನೋಡಿಕೊಂಡೆ, ಕುತ್ತಿಗೆಯ ನೆರಿಗೆ ನೋಡಿಕೊಂಡೆ. ನಿಮಗೆ ನಾನು ಬೇಡವಾದೆ ಎಂದೇ ತೀರ್ಮಾನಿಸಿದ್ದೆ. ಇವತ್ತು ಆ ತೀರ್ಮಾನಕ್ಕೆ ಮೊದಲ ಸಲ ಬಿರುಕು ಬಿಟ್ಟಿದೆ.

ಉತ್ತರ ಬರೆದು ಮಾಮೂಲಿನಂತೆ ಟೀ ಪುಡಿ ಡಬ್ಬಿಯ ಕೆಳಗೆ ಇಡಿ. ನನ್ನ ರಜೆ ಭಾನುವಾರ, ನಿಮ್ಮದು ಬುಧವಾರ. ನಾವು ಬದುಕಿರುವುದೇ ಆ ಡಬ್ಬಿಯ ಕೆಳಗೆ. ಫೋನಿನಲ್ಲಿ ಬರೆಯಬೇಡಿ, ನಿಮ್ಮ ಹೆಗಲ ಮೇಲಿಂದ ಇಡೀ ಪಂಪ್‌ಹೌಸು ಓದುತ್ತದೆ.

ನಿಮ್ಮ ರೇಡಿಯೋ


ಫೆಬ್ರವರಿ 20, ಗುರುವಾರ

ರೇಡಿಯೋಗೆ,

ನಿನ್ನ ಪತ್ರ ಓದಿದೆ. ಇಂಥದ್ದನ್ನೆಲ್ಲ ಬರೆದಿಡಬಾರದು. ಮಗಳು ರಜೆಗೆ ಬಂದಾಗ ಕೈಗೆ ಸಿಕ್ಕರೆ ಏನು ಗತಿ?

ಅಡುಗೆಮನೆಯ ನಲ್ಲಿಗೆ ಹೊಸ ವಾಷರ್ ಹಾಕಿದ್ದೇನೆ, ಇನ್ನು ತೊಟ್ಟಿಕ್ಕುವುದಿಲ್ಲ. ನಮ್ಮಲ್ಲಿ ಎರಡನೇ ಮೋಟರಿನ ಬೇರಿಂಗ್ ಸದ್ದು ಮಾಡುತ್ತಿದೆ, ಅದಕ್ಕೇ ಬರುವುದು ತಡವಾಗುತ್ತಿದೆ.

ಕನ್ನಡಿಯ ಮುಂದೆ ನಿಂತೆ ಎಂದು ಬರೆದಿದ್ದೀಯ. ಆ ಸಾಲು ಓದಿ ನನಗೆ ಊಟ ಇಳಿಯಲಿಲ್ಲ. ಅದು ನಿಜವಲ್ಲ. ನಿನ್ನದೇನೂ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ಇಂತಿ
ನಿನ್ನವನು


ಫೆಬ್ರವರಿ 21, ಶುಕ್ರವಾರ

ಧಣಿಗಳೇ,

ಒಂಬತ್ತು ದಿನ ಕಾಯಿಸಿ ವಾಷರ್ ವಿಷಯ ಬರೆದ ಗಂಡನನ್ನು ಏನು ಮಾಡಬೇಕು ಎಂದು ಯೋಚಿಸುತ್ತಲೇ ಓದಿದೆ. ಕೊನೆಗೆ ಆ ಎರಡು ಸಾಲು ಬಂತು, ಎಲ್ಲ ಮಾಫಿ. ‘ನಿನ್ನದೇನೂ ಇಲ್ಲ.’ ಬಸ್ಸಿನಲ್ಲಿ ಅದನ್ನೇ ಹೇಳಿಕೊಂಡು ನಗುತ್ತಿದ್ದೆ. ಪಕ್ಕದ ಸೀಟಿನವಳು ಕಿಟಕಿಗೆ ಸರಿದು ಕೂತಳು.

ಈಗ ಮುಂದಿನ ಪಾಠ. ಹೆದರಿಕೆಯಾದಾಗ ಮೈಯಲ್ಲಿ ಒಂದು ರಸ ಹರಿಯುತ್ತದೆ, ಅಡ್ರಿನಾಲಿನ್. ಓಡಲು, ಹೊಡೆದಾಡಲು ಅದು ಬೇಕು. ಆದರೆ ಅದು ಬಂತೆಂದರೆ ಆ ಸ್ನಾಯುಗಳು ಇನ್ನಷ್ಟು ಬಿಗಿಯುತ್ತವೆ. ಆಗುತ್ತದೋ ಇಲ್ಲವೋ, ಆಗುತ್ತದೋ ಇಲ್ಲವೋ ಎಂದು ನಿಮ್ಮ ತಲೆಯ ಮೇಲೆ ನೀವೇ ಸೂಪರ್‌ವೈಸರ್ ಆಗಿ ನಿಂತರೆ ಖಂಡಿತ ಆಗುವುದಿಲ್ಲ. ಇದು ನನ್ನ ಮಾತಲ್ಲ, ಪುಸ್ತಕದ್ದು. ಸೂಪರ್‌ವೈಸರ್ ಮಾತ್ರ ನನ್ನದು.

ಇನ್ನೊಂದು ಪ್ರಶ್ನೆ ಕೇಳಬೇಕು, ನಾಚಿಕೊಳ್ಳದೆ ಉತ್ತರಿಸಿ. ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲಿ ಅದು ತಾನಾಗಿಯೇ ಹಲವು ಸಲ ಆಗುತ್ತದಂತೆ, ಬೆಳಿಗ್ಗೆ ಏಳುವಾಗಲೂ. ಕನಸಿಗೂ ಅದಕ್ಕೂ ಸಂಬಂಧ ಇರಲೇಬೇಕಿಲ್ಲ. ಆ ಭಾಗಕ್ಕೆ ಉಸಿರಾಡಿಸಲು ದೇಹವೇ ಮಾಡಿಕೊಂಡ ವ್ಯವಸ್ಥೆ ಇರಬಹುದು ಎನ್ನುತ್ತಾರೆ. ನಿಮಗೆ ಆಗುತ್ತದೆಯೇ? ಆಗುತ್ತಿದ್ದರೆ ಹೆದರಿಕೆಯದ್ದೇ ಆಟ. ಆಗದಿದ್ದರೆ ಬೇರೆ ಕಡೆ ಹುಡುಕಬೇಕು.

ದೊಡ್ಡಾಸ್ಪತ್ರೆಯ ಹೊರರೋಗಿ ವಿಭಾಗ ಬುಧವಾರವೂ ತೆರೆದಿರುತ್ತದೆ. ಹೋಗಿ ಬನ್ನಿ. ನನಗಾಗಿ.

ನಿಮ್ಮ ರೇಡಿಯೋ


ಮಾರ್ಚ್ 6, ಗುರುವಾರ

ರೇಡಿಯೋ,

ನಿನ್ನೆ ಹೋಗಿದ್ದೆ. ಸರದಿಯಲ್ಲಿ ನಿಂತು, ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು ಒಳಗೆ ಹೋದರೆ, ಕುರ್ಚಿಯಲ್ಲಿ ಒಬ್ಬ ಹುಡುಗಿ. ಡಾಕ್ಟರೇ. ನಮ್ಮ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದು. ಏನು ತೊಂದರೆ ಎಂದು ಕೇಳಿದಳು. ಬಾಯಿಪಾಠ ಎಲ್ಲಿ ಹೋಯಿತೋ, ಮೊಣಕಾಲು ಎಂದುಬಿಟ್ಟೆ. ಪಾಪ, ಬಹಳ ಶ್ರದ್ಧೆಯ ಹುಡುಗಿ. ಎರಡೂ ಮೊಣಕಾಲು ಮಡಚಿ, ಬಿಡಿಸಿ, ಒತ್ತಿ ನೋಡಿದಳು. ಇಲ್ಲದ ನೋವಿಗೆ ಎಲ್ಲೆಲ್ಲಿ ಅಯ್ಯೋ ಎನ್ನಬೇಕೆಂದು ತಿಳಿಯದೆ ಬೆವತೆ. ಮುಲಾಮು ಕೊಟ್ಟಿದ್ದಾಳೆ, ಕಪಾಟಿನಲ್ಲಿದೆ. ನೀನು ನಗುತ್ತೀಯ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ.

ನಿನ್ನ ಪ್ರಶ್ನೆಗೆ ಉತ್ತರ. ಇಲ್ಲ. ಬೆಳಿಗ್ಗೆಯೂ ಇಲ್ಲ. ಒಂದು ವರ್ಷದ ಮೇಲಾಯಿತು.

ಇದನ್ನು ಬರೆಯಲು ನಾಲ್ಕು ಕಾಗದ ಹರಿದೆ. ಇಡೀ ಊರಿನ ನೀರಿಗೆ ಒತ್ತಡ ಕೊಡುವವನು ನಾನು. ಮೂರನೇ ಮಹಡಿಯ ನಲ್ಲಿಗೂ ನನ್ನ ಮೋಟರಿನಿಂದ ನೀರು ಏರುತ್ತದೆ. ಒತ್ತಡ ಕಡಿಮೆಯಾದರೆ ಇನ್ನೊಂದು ಪಂಪು ಹಾಕು, ಜೋರು ಹೆಚ್ಚಿಸು. ನನಗೆ ಗೊತ್ತಿರುವ ವಿದ್ಯೆ ಅದೊಂದೇ. ನಿನ್ನ ಪಕ್ಕದಲ್ಲೂ ಅದನ್ನೇ ಮಾಡಿದೆ. ಜೋರು ಮಾಡಿದಷ್ಟೂ ಕೈಕೊಟ್ಟಿತು. ನೀನು ಕತ್ತಲಲ್ಲಿ ಪರವಾಗಿಲ್ಲ ಬಿಡಿ ಎಂದೆಯಲ್ಲ, ಆ ಮಾತು ಕೇಳುವುದಕ್ಕಿಂತ ಹೊರಕೋಣೆಯ ಮಂಚ ಮೇಲು ಎನ್ನಿಸಿತು. ನಿನ್ನ ಮೇಲೆ ಬೇಸರವಿತ್ತು ಎಂದಲ್ಲ. ನಿನ್ನ ಮುಂದೆ ಸಣ್ಣವನಾಗುವುದು ಬೇಡವಾಗಿತ್ತು.

ನಿನ್ನವನು


ಮಾರ್ಚ್ 7, ಶುಕ್ರವಾರ

ನನ್ನ ಮೊಣಕಾಲಿನ ರಾಯರಿಗೆ,

ನಕ್ಕೆ. ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ. ಆಮೇಲೆ ಉಳಿದರ್ಧ ಓದಿ ಅಲ್ಲೇ ಕೂತು ಅತ್ತೆ. ಪರವಾಗಿಲ್ಲ ಬಿಡಿ ಎಂದದ್ದು ನಿಮ್ಮನ್ನು ಚುಚ್ಚುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ. ನನಗೆ ನಿಜವಾಗಿಯೂ ಪರವಾಗಿಲ್ಲ ಎಂದೇ ಅನ್ನಿಸಿತ್ತು. ನೀವು ಎದ್ದು ಹೋದದ್ದನ್ನು ಮಾತ್ರ ಸಹಿಸಲು ಆಗಲಿಲ್ಲ.

ನಿದ್ದೆಯಲ್ಲೂ ಇಲ್ಲ ಎಂದಿರಿ. ಹಾಗಾದರೆ ಇದು ಮನಸ್ಸಿನದ್ದಷ್ಟೇ ಅಲ್ಲ, ರಕ್ತನಾಳ, ಸಕ್ಕರೆ, ರಕ್ತದೊತ್ತಡ, ನರ ಎಲ್ಲ ನೋಡಬೇಕು ಎಂದು ಪುಸ್ತಕ ಹೇಳುತ್ತದೆ. ರೀ, ನನಗೆ ಎಷ್ಟು ಹಗುರವಾಯಿತು ಗೊತ್ತೇ. ನಮ್ಮಿಬ್ಬರಲ್ಲಿ ಯಾರದೂ ತಪ್ಪಿಲ್ಲದ ಒಂದು ಕಾಯಿಲೆ ಇದು. ಕಾಯಿಲೆಗೆ ಔಷಧ ಇರುತ್ತದೆ.

ಈ ಅಧ್ಯಾಯ ಮುಗಿದ ಕೂಡಲೇ ರಜೆ ಹಾಕಿ ನಿಮ್ಮ ಜೊತೆ ಬರುತ್ತೇನೆ. ಕೇಳಿ ಓದುವ ಆ ಮಕ್ಕಳಿಗೆ ಪರೀಕ್ಷೆ ಹತ್ತಿರವಾಗಿದೆ, ಅಲ್ಲಿಯವರೆಗೆ ಬಿಡುವಂತಿಲ್ಲ. ಬಾಗಿಲ ಹೊರಗೆ ನಿಲ್ಲುವುದಿಲ್ಲ, ಒಳಗೇ ಬರುತ್ತೇನೆ. ನೀವು ಮೊಣಕಾಲು ಎಂದರೆ ಅಲ್ಲೇ ಚಿವುಟುತ್ತೇನೆ.

ನಿಮ್ಮ ರೇಡಿಯೋ


ಮಾರ್ಚ್ 17, ಸೋಮವಾರ

ನನ್ನ ರೇಡಿಯೋಗೆ,

ಡಾಕ್ಟರೂ ಬೇಡ, ರಜೆಯೂ ಬೇಡ. ಕೆಲಸ ಆಯಿತು ಎಂದೇ ತಿಳಿದುಕೋ.

ಬಸ್ ಸ್ಟ್ಯಾಂಡಿನ ಹಿಂದಿನ ಔಷಧದ ಅಂಗಡಿಯಲ್ಲಿ ಮಾತ್ರೆ ತಂದಿದ್ದೇನೆ. ಜನ ಇಲ್ಲದ ಹೊತ್ತು ನೋಡಿ ಹೋಗಿ, ಮೊದಲು ಒಂದು ಪೇಸ್ಟು, ಆಮೇಲೆ ಒಂದು ಬ್ಯಾಂಡೇಜು ಕೊಂಡು, ಕೊನೆಗೆ ಬಾಯಿ ಬಿಟ್ಟೆ. ಅಂಗಡಿಯವನು ಮುಖವೂ ನೋಡದೆ ಕೊಟ್ಟ. ಒಂದು ಗಂಟೆ ಮುಂಚೆ ನುಂಗಬೇಕಂತೆ. ನಾಳೆ ಮಂಗಳವಾರ, ಪಾಳಿ ಮುಗಿಸಿ ಹೊರಡುವ ಮುಂಚೆ ನುಂಗುತ್ತೇನೆ, ಮನೆ ಸೇರುವ ಹೊತ್ತಿಗೆ ಸರಿಯಾಗುತ್ತದೆ. ಬುಧವಾರ ನನಗೆ ರಜೆ. ನೀನು ನಾಳೆ ಮಲಗಬೇಡ.

ಇವತ್ತು ಪಂಪ್‌ಹೌಸಿನಲ್ಲಿ ಶಿಳ್ಳೆ ಹೊಡೆದೆನಂತೆ. ನಮ್ಮ ವಾಲ್ವ್ ಮಾಮ ಕೇಳಿದರು, “ಏನಪ್ಪಾ, ಮದುವೆ ಗಂಡಿನ ಥರ ಇದ್ದೀಯ?” ಅವರು ಒಳ್ಳೆಯ ಮನುಷ್ಯ. ನಿನಗೆ ಹೇಳಿರಲಿಲ್ಲ, ಮೇಲಿನ ಟ್ಯಾಂಕಿನ ಮೆಟ್ಟಿಲು ಹತ್ತುವಾಗ ಈಚೆಗೆ ಎದೆ ಹಿಡಿದಂತಾಗುತ್ತದೆ. ಗ್ಯಾಸು. ಅವರ ಹತ್ತಿರ ನಾಲಿಗೆಯ ಕೆಳಗೆ ಇಟ್ಟುಕೊಳ್ಳುವ ಪುಟ್ಟ ಮಾತ್ರೆ ಇದೆ, ಇಟ್ಟುಕೊಂಡರೆ ಐದು ನಿಮಿಷದಲ್ಲಿ ಹಾಯೆನಿಸುತ್ತದೆ. ನನಗೂ ಒಂದಿಷ್ಟು ಕೊಟ್ಟಿದ್ದಾರೆ. ಚಿಂತೆ ಮಾಡಬೇಡ.

ಆ ಮಲ್ಲಿಗೆ ಬಣ್ಣದ ಸೀರೆ ಇನ್ನೂ ಇದೆಯೇ?

ನಿನ್ನವನು


ಮಾರ್ಚ್ 18, ಮಂಗಳವಾರ, ಪಂಪ್‌ಹೌಸಿನ ಗೇಟಿನಿಂದ

ರೀ,

ಮಾತ್ರೆ ನುಂಗಬೇಡಿ. ಅಂಗಡಿಯ ಮಾತ್ರೆಯೂ ಬೇಡ, ಮಾಮನದೂ ಬೇಡ. ಫೋನು ಮಾಡಿ ಮಾಡಿ ಸಾಕಾಯಿತು, ಲಾಕರಿನಲ್ಲೇ ಇಟ್ಟಿದ್ದೀರಿ. ಗೇಟಿನ ತಾತ ನನ್ನನ್ನು ಒಳಗೆ ಬಿಡುತ್ತಿಲ್ಲ, ಹೊರಗಿನವರನ್ನು ಮೋಟರಿನ ಹತ್ತಿರ ಬಿಡುವಂತಿಲ್ಲವಂತೆ. ಈ ಚೀಟಿ ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಓದಿದ ಪುಟದಲ್ಲೇ ಇತ್ತು. ನಾಲಿಗೆಯ ಕೆಳಗಿನ ಆ ಮಾತ್ರೆ ಹೃದಯದ್ದು, ನೈಟ್ರೇಟ್. ಗ್ಯಾಸಿಗಲ್ಲ. ಎರಡೂ ರಕ್ತನಾಳವನ್ನು ಸಡಿಲಿಸುತ್ತವೆ. ಎರಡೂ ಮೈಯಲ್ಲಿ ಸೇರಿದರೆ ರಕ್ತದೊತ್ತಡ ಕುಸಿದು ಜೀವವೇ ಹೋಗಬಹುದು. ಓದುವಾಗ ಯಾರಿಗೋ ಬರೆದದ್ದು ಎಂದುಕೊಂಡೆ. ಮನೆಗೆ ಬಂದು ನಿಮ್ಮ ಪತ್ರ ತೆಗೆದರೆ ಎರಡೂ ಅದರಲ್ಲೇ ಇವೆ.

ಇದನ್ನು ಓದಿದ ಕ್ಷಣವೇ ಹೊರಗೆ ಬನ್ನಿ. ಮೆಟ್ಟಿಲು ಹತ್ತಬೇಡಿ. ಓಡಿಯೂ ಬರಬೇಡಿ, ನಿಧಾನ ಬನ್ನಿ. ಆಟೋ ನಿಲ್ಲಿಸಿಕೊಂಡಿದ್ದೇನೆ.

ನಾನು


ಮಾರ್ಚ್ 20, ಗುರುವಾರ, ವಾರ್ಡಿನಿಂದ

ನನ್ನವಳೇ,

ಮೊನ್ನೆ ನೀನು ಇಡೀ ಹೊತ್ತು ನನ್ನ ಪಕ್ಕದಲ್ಲೇ ಇದ್ದೆ. ಆದರೂ ನಿನಗೆ ಗೊತ್ತಿಲ್ಲದ್ದು ಇದೆ, ಅದಕ್ಕೇ ನರ್ಸಮ್ಮನ ಹತ್ತಿರ ಕಾಗದ ಕೇಳಿ ಬರೆಯುತ್ತಿದ್ದೇನೆ. ಸಂಜೆ ನೀನು ಬಂದಾಗ ಕೊಡುತ್ತೇನೆ. ಬಾಯಲ್ಲಿ ಹೇಳಲು ಹೋದರೆ ಮತ್ತೆ ವಾಷರ್ ವಿಷಯಕ್ಕೆ ಹೋಗಿಬಿಡುತ್ತೇನೆ.

ತಾತ ಚೀಟಿ ತಂದಾಗ ಎರಡೂ ಬಗೆಯ ಮಾತ್ರೆ ನನ್ನ ಅಂಗಿಯ ಜೇಬಿನಲ್ಲಿದ್ದವು. ಮಾಮನದು ಒಂದು ಆಗಲೇ ನಾಲಿಗೆಯ ಕೆಳಗೆ ಕರಗಿತ್ತು. ಪಾಳಿಗೆ ಬಂದ ಕೂಡಲೇ ಟ್ಯಾಂಕಿನ ಮೆಟ್ಟಿಲು ಹತ್ತಿದ್ದೆ, ಎದೆ ಹಿಡಿದಿತ್ತು. ರಾತ್ರಿ ಇನ್ನೊಂದನ್ನು ನುಂಗಿಯೇ ನುಂಗುತ್ತಿದ್ದೆ. ಶಿಳ್ಳೆ ಹೊಡೆಯುತ್ತಲೇ ನುಂಗುತ್ತಿದ್ದೆ. ಗೇಟಿನ ಹೊರಗೆ ಚಪ್ಪಲಿ ಅದಲುಬದಲು ಹಾಕಿಕೊಂಡು ನಿಂತಿದ್ದ ನಿನ್ನನ್ನು ಕಂಡಾಗ ನನಗೆ ಮೊದಲು ಬಂದದ್ದು ಸಿಟ್ಟು, ತಾತನ ಮುಂದೆ ಮರ್ಯಾದೆ ಹೋಯಿತಲ್ಲ ಎಂದು. ಅದನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳೋಣ ಎನ್ನಿಸುತ್ತದೆ.

ಆ ಡಾಕ್ಟರ್ ಹುಡುಗಿಯೇ ಡ್ಯೂಟಿಯಲ್ಲಿ ಇರಬೇಕೇ. ಮೊಣಕಾಲು ಹೇಗಿದೆ ಎಂದು ಕೇಳಿದಳಲ್ಲ, ನೀನು ಆ ಕಡೆ ತಿರುಗಿ ನಗು ನುಂಗಿದ್ದನ್ನು ನೋಡಿದೆ. ನೀನು ಚೀಟಿ ಮಾಡಿಸಲು ಹೋದಾಗ ನಾನೇ ಎಲ್ಲ ಹೇಳಿದೆ, ಆವತ್ತಿನ ಸುಳ್ಳೂ ಸೇರಿಸಿ. ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟು ಹೇಳಿದಳು:

“ಅಲ್ಲಿನ ರಕ್ತನಾಳ ಹೃದಯದ್ದಕ್ಕಿಂತ ಸಣ್ಣದು ಯಜಮಾನ್ರೇ. ಗೋಡೆ ಕೆಟ್ಟು ಕಟ್ಟಿಕೊಳ್ಳೋಕೆ ಶುರುವಾದ್ರೆ ಎಷ್ಟೋ ಜನಕ್ಕೆ ಮೊದ್ಲು ಅಲ್ಲೇ ಗೊತ್ತಾಗುತ್ತೆ. ಎದೆನೋವು ಬರೋದು ಕೆಲವು ವರ್ಷ ಆದ್ಮೇಲೆ. ಆವತ್ತೇ ಹೇಳಿದ್ರೆ ನಾನು ಆವತ್ತೇ ನಿಮ್ಮ ಎದೆ ನೋಡ್ತಿದ್ದೆ.”

ಅವಳು ಹೋದ ಮೇಲೆ ಮಲಗಿಕೊಂಡು ಯೋಚಿಸಿದೆ. ನಮ್ಮಲ್ಲಿ ಲೈನಿನ ಕೊನೆ ಮನೆಯವರು ಬಂದು ನೀರು ಬರುತ್ತಿಲ್ಲ ಎಂದು ದೂರು ಕೊಟ್ಟರೆ, ಹೊಸಬನಾದವನು ಸೀದಾ ಅವರ ಮನೆಗೆ ಹೋಗಿ ನಲ್ಲಿ ಬಿಚ್ಚಿ ನೋಡುತ್ತಾನೆ. ನಾನು ಅವನ ಕಿವಿ ಹಿಂಡುತ್ತೇನೆ. ಮೊದಲು ದೊಡ್ಡ ಪೈಪು ನೋಡೋ, ಅಲ್ಲಿ ಏನೋ ಕಟ್ಟಿಕೊಂಡಿದೆ, ಅದಕ್ಕೇ ಕೊನೆ ಮನೆ ಮೊದಲು ಒಣಗಿದೆ ಎನ್ನುತ್ತೇನೆ. ಎಷ್ಟು ಹುಡುಗರಿಗೆ ಇದನ್ನು ಬೈದು ಕಲಿಸಿದ್ದೇನೋ ಲೆಕ್ಕವಿಲ್ಲ. ನನ್ನ ಮೈಯೊಳಗಿನ ಕೊನೆ ಮನೆ ಒಂದು ವರ್ಷದಿಂದ ಬಾಗಿಲು ಬಡಿದು ದೂರು ಹೇಳುತ್ತಿತ್ತು. ನಾನು ನಲ್ಲಿ ಬಿಚ್ಚುತ್ತ ಕೂತಿದ್ದೆ, ನಾಚಿಕೆಯಿಂದ ಬಾಗಿಲನ್ನೂ ಹಾಕಿಕೊಂಡಿದ್ದೆ. ಇಂಥ ತಪ್ಪು ಬೇರೆ ಯಾರಾದರೂ ಮಾಡಬಹುದಿತ್ತು, ನಾನು ಮಾಡಬಾರದಿತ್ತು.

ಸಕ್ಕರೆಯೂ ಇದೆಯಂತೆ, ಯಾವಾಗಿನಿಂದಲೋ. ನಾಳೆ ಕೈಯ ನಾಳದಿಂದ ಸಣ್ಣ ಕೊಳವೆ ತೂರಿಸಿ ಹೃದಯದ ರಕ್ತನಾಳ ನೋಡುತ್ತಾರೆ, ಕಟ್ಟಿಕೊಂಡಿದ್ದರೆ ಅಲ್ಲೇ ಬಿಡಿಸಿ ಸ್ಟೆಂಟ್ ಇಡುತ್ತಾರೆ. ಭಯವಾಗುತ್ತಿದೆ. ಪೈಪಿನ ಕೆಲಸ ಗೊತ್ತಿರುವವನಿಗೆ ಇನ್ನೂ ಹೆಚ್ಚು ಭಯ. ಒಂದು ವರ್ಷ ನಿನ್ನ ಪಕ್ಕ ಮಲಗದೆ ದಂಡ ಮಾಡಿಕೊಂಡೆ. ಅದೊಂದು ಸಂಕಟ ನನಗೆ ತಡೆಯಲಾಗುತ್ತಿಲ್ಲ.

ನಿನ್ನವನು


ಮಾರ್ಚ್ 21, ಶುಕ್ರವಾರ, ಬಾಗಿಲ ಹೊರಗಿನ ಬೆಂಚಿನಿಂದ

ರೀ,

ಒಳಗೆ ಕರೆದುಕೊಂಡು ಹೋಗಿದ್ದಾರೆ. ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಮಗಳು ರಾತ್ರಿಯ ರೈಲಿಗೆ ಬಂದಳು, ಈಗ ಟೀ ತರಲು ಹೋಗಿದ್ದಾಳೆ. ಅಪ್ಪನ ಹೃದಯದ ತೊಂದರೆ ಹೇಗೆ ಗೊತ್ತಾಯಿತು ಎಂದು ಕೇಳಿದಳು. ಮೊದಲು ಮಾತು ನುಂಗಿದೆ. ಆಮೇಲೆ ಯಾಕೆ ನುಂಗಬೇಕು ಎನ್ನಿಸಿ ಎಲ್ಲ ಹೇಳಿದೆ. ಅವಳ ಮುಖ ಕೆಂಪಾಯಿತು. ಆಮೇಲೆ ನನ್ನ ಕೈ ಹಿಡಿದು, “ಅಮ್ಮ, ನೀನು ಓದಿದ್ದು ಒಳ್ಳೇದಾಯ್ತು,” ಎಂದಳು. ಇನ್ನು ನಿಮ್ಮ ಪತ್ರಗಳನ್ನು ಬಚ್ಚಿಡುವ ಕಷ್ಟ ನನಗಿಲ್ಲ.

ನಿಮ್ಮ ಮೇಲೆ ವಿಪರೀತ ಕೋಪವಿದೆ. ಎದೆ ಹಿಡಿಯುವುದನ್ನು ಮಾಮನಿಗೆ ಹೇಳಿದಿರಿ, ನನಗೆ ಹೇಳಲಿಲ್ಲ. ಈ ಕೋಪವನ್ನು ಪೂರ್ತಿ ತೀರಿಸಿಕೊಳ್ಳಲು ನನಗೆ ಬಹಳ ವರ್ಷ ಬೇಕು. ಆದ್ದರಿಂದ ನೀವು ಇರಲೇಬೇಕು. ಅದು ಇನ್ನೆಂದೂ ಆಗದಿದ್ದರೂ ಸರಿ, ನನಗೆ ನೀವು ಬೇಕು, ಗೊರಕೆಯ ಸಮೇತ.

ಬಾಗಿಲು ತೆರೆಯುತ್ತಿದೆ. ನರ್ಸಮ್ಮ ನಗುತ್ತಿದ್ದಾರೆ. ನಗುತ್ತಿದ್ದಾರೆ ಕಣ್ರೀ.

ನಿಮ್ಮವಳು


ಮೇ 26, ಸೋಮವಾರ

ರೇಡಿಯೋ ಮಹಾರಾಣಿಗೆ,

ಸುದ್ದಿಗಳ ಮೇಲೆ ಸುದ್ದಿ. ಒಂದೊಂದಾಗಿ ಬರೆಯಲು ನನಗೆ ತಾಳ್ಮೆ ಇಲ್ಲ.

ಇವತ್ತು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಪಟ್ಟಿ ಏರಿಸಿದರು, ವೇಗ ಹೆಚ್ಚಿಸಿದರು, ಎದೆ ಕಮಕ್ ಕಿಮಕ್ ಎನ್ನಲಿಲ್ಲ. ಹೃದಯದ ಡಾಕ್ಟರು ಚೀಟಿ ಬರೆದು ನಮ್ಮ ಡಾಕ್ಟರ್ ಹುಡುಗಿಯ ಹತ್ತಿರ ಕಳಿಸಿದರು. ನಾಲಿಗೆಯ ಕೆಳಗಿನ ಮಾತ್ರೆ ಪೂರ್ತಿ ನಿಂತಿದೆ, ಸಕ್ಕರೆ ಹತೋಟಿಗೆ ಬಂದಿದೆ, ಆಸ್ಪತ್ರೆ ಸೇರಿದ ದಿನದಿಂದ ಸಿಗರೇಟು ಬಿಟ್ಟದ್ದನ್ನು ಇಬ್ಬರೂ ಹೊಗಳಿದರು. ಆಮೇಲೆ ನಾನು ಯಾವ ಮೊಣಕಾಲನ್ನೂ ಅಡ್ಡ ತರದೆ ಕೇಳಿದೆ: ಈಗ ಆ ಅಂಗಡಿಯ ಮಾತ್ರೆ ನುಂಗಬಹುದೇ? ನುಂಗಬಹುದು, ಕಡಿಮೆ ಪ್ರಮಾಣದಲ್ಲಿ ಶುರು ಮಾಡಿ ಎಂದಳು. ಯಾವತ್ತಾದರೂ ಎದೆನೋವು ಬಂದರೆ ಆಸ್ಪತ್ರೆಯವರಿಗೆ ಈ ಮಾತ್ರೆ ನುಂಗಿದ್ದೇನೆ ಎಂದು ಮೊದಲು ಹೇಳಬೇಕಂತೆ.

ಮಾತ್ರೆ ಸಾಲದಿದ್ದರೆ ಸೂಜಿ ಇದೆ, ಕೊನೆಗೆ ಶಸ್ತ್ರಚಿಕಿತ್ಸೆಯೂ ಇದೆ. ಅಷ್ಟರೊಳಗೆ ಇನ್ನೊಂದು ಉಪಾಯ ಇದೆ ಎಂದು ಅವಳು ಒಂದು ಚಿತ್ರ ತೋರಿಸಿದಳು. ಒಂದು ಕೊಳವೆ, ಅದರ ತುದಿಗೆ ಗಾಳಿ ಎಳೆದು ರಕ್ತ ತುಂಬಿಸುವ ಒಂದು ಪುಟ್ಟ ಪಂಪು. ನಾನು ಅವಳ ಮುಖ ನೋಡಿದೆ, ಅವಳು ನನ್ನ ಖಾಕಿ ಅಂಗಿಯ ಮೇಲಿನ ಜಲಮಂಡಳಿಯ ಬಿಲ್ಲೆ ನೋಡಿದಳು. ಇಬ್ಬರಿಗೂ ತಡೆಯಲಾಗಲಿಲ್ಲ. ಹೊರಗಿನ ಸರದಿಯವರು ಬಾಗಿಲಿನಿಂದ ಇಣುಕಿ ನೋಡುವಷ್ಟು ನಕ್ಕೆವು.

ಪಂಪ್‌ಹೌಸಿನಲ್ಲಿ ಗುಟ್ಟು ರಟ್ಟಾಯಿತು, ನಾನೇ ರಟ್ಟು ಮಾಡಿದೆ. ಊಟದ ಹೊತ್ತಿನಲ್ಲಿ ಕೊನೆ ಮನೆಯ ದೂರಿನ ಪಾಠವನ್ನು ಪೂರ್ತಿ ಹೇಳಿದೆ. ಎಲ್ಲರೂ ಡಬ್ಬಿಯೊಳಗೆ ತಲೆ ಹುದುಗಿಸಿ ಕೂತರು. ಪಾಳಿ ಮುಗಿಯುವುದರೊಳಗೆ ಮೂರು ಜನ ಬೇರೆ ಬೇರೆಯಾಗಿ ಬಂದು, ಆ ಡಾಕ್ಟರು ಯಾವ ದಿನ ಸಿಗುತ್ತಾರೆ, ತಮಗೂ ಸ್ವಲ್ಪ ಮೊಣಕಾಲು ನೋವಿದೆ ಎಂದರು. ವಾಲ್ವ್ ಮಾಮನಿಗೆ ಮಾತ್ರ ನಾನು ಜೋರಾಗಿಯೇ ಹೇಳಿದ್ದೇನೆ, ಇನ್ನು ಯಾರಿಗೂ ಮಾತ್ರೆ ಹಂಚಬೇಡಿ ಎಂದು. ಅವರು ಕಣ್ಣು ಒರೆಸಿಕೊಂಡರು.

ಮುಂದಿನ ಮಂಗಳವಾರ ಪಾಳಿ ಬದಲಿಸಿಕೊಂಡಿದ್ದೇನೆ, ಬೆಳಕಿರುವಾಗಲೇ ಮನೆಗೆ ಬರುತ್ತೇನೆ. ಆದರೆ ಒಂದು ಮಾತು. ಆವತ್ತೂ ಆಗದಿದ್ದರೆ ನಾನು ದಿಂಬು ಎತ್ತಿಕೊಂಡು ಹೋಗುವುದಿಲ್ಲ. ನೀನು ಪರವಾಗಿಲ್ಲ ಬಿಡಿ ಎಂದರೆ ಅದನ್ನು ನಂಬುತ್ತೇನೆ.

ನಿನ್ನವನು


ಜೂನ್ 4, ಬುಧವಾರ, ಬೆಳಿಗ್ಗೆ

ರೀ,

ನಿನ್ನೆ ಏನಾಯಿತು ಎಂದು ಬರೆಯುವುದಿಲ್ಲ. ನೀವೂ ಅಲ್ಲೇ ಇದ್ದಿರಿ.

ಒಂದು ಸಂಗತಿ ಮಾತ್ರ ನಿಮಗೆ ಗೊತ್ತಿಲ್ಲ, ಅದನ್ನು ಬರೆಯದಿದ್ದರೆ ನನಗೆ ಇವತ್ತು ಊಟ ಸೇರುವುದಿಲ್ಲ. ಆ ಮಾತ್ರೆಯ ಬಗ್ಗೆ ಪುಸ್ತಕದಲ್ಲಿ ಒಂದು ಸಾಲಿದೆ, ನಾನೇ ಓದಿ ರೆಕಾರ್ಡ್ ಮಾಡಿದ್ದು. ಬಿಗಿ ಬಿಡಿ ಎಂದು ಮೈ ಕೊಟ್ಟ ಅಪ್ಪಣೆ ಬೇಗ ಅಳಿಸಿಹೋಗದಂತೆ ಅದು ಕಾಯುತ್ತದೆ, ಅಷ್ಟೇ ಅದರ ಕೆಲಸ. ಅಪ್ಪಣೆಯನ್ನು ಅದು ತಾನೇ ಕೊಡಲಾರದು. ಆಸೆಯನ್ನು ಹುಟ್ಟಿಸಲಾರದು. ಮನುಷ್ಯನಿಗೆ ಆಸೆಯಿಲ್ಲದಿದ್ದರೆ ನುಂಗಿದ ಮಾತ್ರೆ ಸುಮ್ಮನೆ ಹೊಟ್ಟೆಯಲ್ಲಿ ಕರಗಿ ಹೋಗುತ್ತದೆ.

ಈ ಸಾಲನ್ನು ನಾನು ಇಷ್ಟು ದಿನ ನಿಮಗೆ ಹೇಳಲಿಲ್ಲ. ಹೇಳಲು ಧೈರ್ಯವಿರಲಿಲ್ಲ. ‘ನಿನ್ನದೇನೂ ಇಲ್ಲ’ ಎಂದು ನೀವು ಬರೆದದ್ದನ್ನು ನಂಬಿದ್ದೆ, ಆದರೂ ಒಳಗೆ ಒಂದು ಮೂಲೆಯಲ್ಲಿ ಅಳುಕಿತ್ತು. ಮಾತ್ರೆ ನುಂಗಿಯೂ ಆಗದಿದ್ದರೆ ಅದು ಬರೀ ಕಾಯಿಲೆಯೇ ಇರಬಹುದು, ಅದೂ ಪುಸ್ತಕದಲ್ಲಿದೆ. ಆದರೆ ಹೆಂಗಸಿನ ಮನಸ್ಸಿಗೆ ಪುಸ್ತಕ ಎಷ್ಟು ಹೇಳಿದರೂ ಸಾಲದು. ನಿನ್ನೆ ನೀವು ದೀಪ ಆರಿಸಬೇಡ ಎಂದಿರಿ. ನನ್ನನ್ನು ನೋಡುತ್ತ ಇದ್ದಿರಿ, ಬಹಳ ಹೊತ್ತು, ಯಾವ ಅವಸರವೂ ಇಲ್ಲದೆ. ಆಮೇಲೆ ನಡೆದದ್ದರಲ್ಲಿ ಮಾತ್ರೆಯ ಪಾಲು ಎಷ್ಟು, ನಿಮ್ಮ ಪಾಲು ಎಷ್ಟು ಎನ್ನುವುದು ಈ ಊರಿನಲ್ಲಿ ಯಾರಿಗಾದರೂ ಸರಿಯಾಗಿ ಗೊತ್ತಿದ್ದರೆ ಅದು ನನಗೆ. ಆಸೆ ನಿಮ್ಮದು. ನನ್ನ ಮೇಲಿನದು. ಐವತ್ತರ ಹತ್ತಿರ ಬಂದ ನನ್ನ ಮೇಲಿನದು.

ಗೇಟಿನ ದಿನದಿಂದ ನನಗೆ ಸರಿಯಾಗಿ ನಿದ್ದೆ ಬಂದಿರಲಿಲ್ಲ, ನಿಮ್ಮ ಉಸಿರು ನಿಂತಿತೋ ಎಂದು ಕಿವಿಗೊಟ್ಟೇ ಮಲಗುತ್ತಿದ್ದೆ. ನಿನ್ನೆ ನಿಮಗಿಂತ ಮುಂಚೆ ನಿದ್ದೆ ಹೋಗಿರಬೇಕು. ಅಲಾರಂ ಹೊಡೆದದ್ದು ಇಬ್ಬರಿಗೂ ಕೇಳಿಸಿಲ್ಲ. ಸ್ಟುಡಿಯೋಗೆ ಫೋನು ಮಾಡಿ ಇವತ್ತು ಬರುವುದಿಲ್ಲ ಎಂದೆ. ಗಂಟಲು ಕಟ್ಟಿದೆಯಾ ಮೇಡಂ ಎಂದು ಸೌಂಡಿನವನು ಕೇಳಿದ. ಇಲ್ಲಪ್ಪ, ಸಂತೋಷವಾಗಿದೆ, ಅದಕ್ಕೆ ರಜೆ ಎಂದೆ.

ನೀವು ಎದ್ದು ಮುಖ ತೊಳೆದು ಟೀಗೆ ನೀರಿಡಲು ಬಂದು, ಅಭ್ಯಾಸದಂತೆ ಡಬ್ಬಿ ಎತ್ತಿ, ಈ ಕಾಗದ ಬಿಡಿಸಿ, ಅಲ್ಲೇ ನಿಂತು ಇಷ್ಟನ್ನೂ ಓದುತ್ತೀರಿ. ಕನ್ನಡಕವಿಲ್ಲದೆ ಕಣ್ಣು ಕಿರಿದು ಮಾಡಿ ಓದುತ್ತೀರಿ.

ಓದಿ ಮುಗಿಯಿತಲ್ಲ? ಈಗ ತಲೆ ಎತ್ತಿ. ಎದುರಿಗೇ ಕೂತಿದ್ದೇನೆ.

ನಿಮ್ಮವಳು